ಐಟಿಸ್ ಅಂದರೆ ಉರಿ

ಪದದ ಬಾಲದಲ್ಲಿ ಐಟಿಸ್ ಇದ್ದರೆ ಉರಿ,
ಆಲ್ಜಿಯಾ ಇದ್ದರೆ ನೋವು,
ಎಕ್ಟಮಿ ಅಂದರೆ ಕೊಯ್ದು ತೆಗೆಯುವುದು.
ತಲೆಯಲ್ಲಿ ಹೆಪಾಟೋ ಬಂದರೆ ಈಲಿ,
ನೆಫ್ರೋ ಬಂದರೆ ಗುರ್ದೆ
ಅಂತ ನೋಟ್‌ಬುಕ್ಕಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ,
ಲಿಡ್ವಿನ್ ಮೇಡಂ ಕಣ್ಣಿಗೆ ಬೀಳದ ಹಾಗೆ.

"ಗ್ಯಾಸ್ಟ್ರೈಟಿಸ್?" ಎಂದರು ಮೇಡಂ.
"ಹೊಟ್ಟೆ ಉರಿ" ಎಂದಳು ಕೆರಗೋಡಿನ ಪುಟ್ಟಲಕ್ಷ್ಮಿ.
ಇಡೀ ಕ್ಲಾಸು ಬೆಂಚು ಗುದ್ದಿ ನಕ್ಕಿತು.
ಓರಗಿತ್ತಿ ಸರ ಮಾಡಿಸಿಕೊಂಡರೆ ಬರುವ ಕಾಯಿಲೆ ಅದು,
ಅದಕ್ಕೆಲ್ಲಿಯ ಮಾತ್ರೆ!
ಮೇಡಮ್ಮೂ ನಕ್ಕರು, ಬೋರ್ಡಿನ ಕಡೆ ತಿರುಗಿಕೊಂಡು.

ಮಳವಳ್ಳಿಯ ಪೇಟೆ ಬೀದಿಯಲ್ಲಿ ಅಬ್ಬಾನ ಅಂಗಡಿ.
ಶ್ರಾವಣದಲ್ಲಿ ನೊಣಕ್ಕೂ ಕೆಲಸವಿಲ್ಲ.
ವರ್ಷತೊಡಕಿನ ದಿನ ಮಾತ್ರ ಊರೂರಿಂದ ಕರೆ:
"ದಸ್ತಗೀರಣ್ಣ, ನಾಕು ಗಂಟ್ಗೆ ಬಂದ್ಬುಡು, ಗುಡ್ಡೆ ಹಾಕ್ಬೇಕು."
ನಾನೂ ಹೋಗುತ್ತಿದ್ದೆ, ಲಾಟೀನು ಹಿಡಿಯಲು.
ಮುತ್ತುಗದೆಲೆಯ ಮೇಲೆ ಮೂವತ್ತು ಗುಡ್ಡೆ ಬಾಡು.
ಒಂದೊಂದಕ್ಕೂ ಒಂದು ಚೂರು ಈಲಿ, ಒಂದು ತುಂಡು ಗುಂಡಿಗೆ,
ಒಂದು ಮೊಳ ಬೋಟಿ, ಮೂಳೆ ಇಷ್ಟು, ಕೊಬ್ಬು ಇಷ್ಟು.
ತಿಲ್ಲಿ ಚಿಕ್ಕದು, ಮೂವತ್ತು ಪಾಲಾಗುವುದಿಲ್ಲ.
ಅದು ಲಾಟೀನು ಹಿಡಿದವಳಿಗೆ.

ಈಗ ಮಂಡ್ಯದಲ್ಲಿ ನನ್ನ ಪುಸ್ತಕ
ಮನುಷ್ಯನನ್ನೇ ಹನ್ನೊಂದು ಗುಡ್ಡೆ ಹಾಕಿದೆ.
ಉಸಿರಿನದು ಒಂದು, ನೆತ್ತರಿನದು ಒಂದು,
ಅರಗಿಸುವುದು, ಹೊರಹಾಕುವುದು, ನರದ್ದು, ನೆಣವಿಲ್ಲದ ಮೂಳೆಯದು.
ಯಾವ ಗುಡ್ಡೆಯಲ್ಲೂ ಎಲ್ಲವೂ ಇಲ್ಲ.
ನಮ್ಮೂರ ಯಜಮಾನರು ನೋಡಿದರೆ ಜಗಳಕ್ಕೆ ಬರುತ್ತಿದ್ದರು.

ಲ್ಯಾಬಿನಲ್ಲಿ ಒಬ್ಬ ಪ್ಲಾಸ್ಟಿಕ್ ಮನುಷ್ಯ ಇದ್ದಾನೆ.
ಎದೆಯ ಮುಚ್ಚಳ ತೆಗೆದು ಒಳಗಿನದನ್ನೆಲ್ಲ ಹೊರಗಿಟ್ಟರು,
ಮತ್ತೆ ಜೋಡಿಸುವವರಿಲ್ಲ.
ಗಂಟೆ ಹೊಡೆಯಿತು. ಕರುಳು ಮೇಜಿನ ಮೇಲೇ.
ಮೊದಲು ಬೆನ್ನಿಗಂಟಿದ ಗುರ್ದೆ ಎರಡು,
ಎಡಪಕ್ಕೆಯ ಮರೆಗೆ ತಿಲ್ಲಿ, ಅದರ ಮುಂದೆ ಹೊಟ್ಟೆಚೀಲ,
ಬಲಕ್ಕೆ ಈಲಿ, ಅದರಡಿಗೆ ಹಸಿರು ಪಿತ್ತದ ಗುಳ್ಳೆ,
(ಅದನ್ನು ಒಡೆದರೆ ಬಾಡೆಲ್ಲ ಕಹಿ, ಅಬ್ಬಾನ ಮೊದಲ ಪಾಠ)
ಎಲ್ಲ ಕೂತವು. ಮುಚ್ಚಳ ಟಕ್ಕೆಂದಿತು.
"ಎಲ್ಲಿ ಕಲಿತೆ, ಶಾಕಿರಾ?" ಎಂದರು ಮೇಡಂ.
ನಾನು "ಚಿತ್ರ ನೋಡಿ" ಎಂದೆ.
ಆ ಸುಳ್ಳು ಇನ್ನೂ ಗಂಟಲಲ್ಲೇ ಇದೆ,
ಯಾವ ವ್ಯವಸ್ಥೆಯೂ ಅದನ್ನು ಅರಗಿಸಿಲ್ಲ.

ಹೆಂಗಸರ ವಾರ್ಡು, ಹದಿನಾಲ್ಕನೇ ಮಂಚ,
ಆಲೆಮನೆಯ ಮುದ್ದಮ್ಮ.
ಏನಾಗುತ್ತದೆ ಎಂದರೆ "ಸಂಕ್ಟ ಕಣವ್ವಾ."
ನೋವಾ? "ನೋವಲ್ಲ." ಉರಿಯಾ? "ಉರೀನೂ ಅಲ್ಲ."
ಎಲ್ಲಿ ಎಂದರೆ
ಗಂಟಲಿಂದ ಹೊಕ್ಕುಳವರೆಗೆ ಅಂಗೈ ಆಡಿಸಿ,
ಆಮೇಲೆ ಕಿಟಕಿಯ ಕಡೆಗೂ ಒಂದು ಸಲ ಆಡಿಸಿದಳು.
ಕೇಸ್ ಶೀಟಿನಲ್ಲಿ ಅಷ್ಟು ಅಗಲದ ಕಾಲಂ ಇಲ್ಲ.
ಡಾಕ್ಟರು ನನ್ನ ಕೈಯಿಂದ ಪೆನ್ನು ತಗೊಂಡು
ಮೂರು ಗ್ರೀಕ್ ಪದ ಬರೆದರು. ಮೂರೂ ಸರಿಯೇ.
ಮುದ್ದಮ್ಮ ನನ್ನನ್ನು ಕೇಳಿದಳು:
"ಬರ್ಕಂಡ್ರಾ, ಸಂಕ್ಟ ಅಂತ?"
ಬರ್ಕೊಂಡ್ರು ಎಂದೆ. ಎರಡನೇ ಸುಳ್ಳು.

ರಾತ್ರಿ ಅಬ್ಬಾ ಫೋನಿನಲ್ಲಿ ಈ ದಿನದ ಪದ ಕೇಳುತ್ತಾನೆ.
ಹೆಪಾಟೋ ಹೇಳಿಕೊಟ್ಟ ವಾರ
ಗಿರಾಕಿಗಳಿಗೆಲ್ಲ "ಕಾಲು ಕೆಜಿ ಹೆಪಾಟೋ ಹಾಕ್ಲಾ?" ಎಂದನಂತೆ.
ನಿನ್ನೆ ಮೆಲ್ಲಗೆ ಕೇಳಿದ:
"ಮಚ್ಚು ಹಿಡಿಯೋ ಹೆಬ್ಬೆಟ್ಟು ಜೋಮು ಹಿಡೀತದೆ.
ಅದಕ್ಕೇನು ಹೆಸರು?"
ಪ್ಯಾರಸ್ಥೀಷಿಯಾ ಎಂದೆ.
ಮೂರು ಸಲ ಪ್ರಯತ್ನಪಟ್ಟು
"ಇದಕ್ಕಿಂತ ಜೋಮೇ ವಾಸಿ" ಎಂದು ನಕ್ಕ.

ಫೋನಿನಾಚೆ ದಿಮ್ಮಿಯ ಮೇಲೆ ಮಚ್ಚಿನ ಸದ್ದು.
ಏಟಿಗೂ ಏಟಿಗೂ ನಡುವೆ
ಈಗೀಗ ಜಾಸ್ತಿ ಹೊತ್ತು.
ಅದಕ್ಕೂ ಒಂದು ಹೆಸರಿರಬಹುದು, ಎರಡನೇ ವರ್ಷದ ಪುಸ್ತಕದಲ್ಲಿ.
ನಾನಿನ್ನೂ ಕೊಂಡಿಲ್ಲ.
ವರ್ಷತೊಡಕು ಬರಲಿ.